ಹತ್ತೊಂಬತ್ತನೇ ತಾರೀಖಿನ ಹೆಬ್ಬೆಟ್ಟು

“ಹದಿನೈದು ದಿನ ಅಂದ್ರ ಹದಿನೈದೇ ದಿನ, ಮಂಜೂರ್ ಮಿಯಾ. ಹದಿನಾರನೇ ದಿನ ದೇವರೇ ಬಂದು ಜವಾಬು ಕೊಟ್ಟರೂ ಮುನ್ಸೀಫ್ ಸಾಹೇಬರು ಕಿವಿಗೆ ಹಾಕ್ಕೊಳ್ಳೂದಿಲ್ಲ.”

ವಕೀಲ ರಾಘವೇಂದ್ರರಾಯರು ಹೀಗೆಂದು ಕಾಗದವನ್ನು ಮೇಜಿನ ಮೇಲೆ ಸರಿಸಿ, ಗಾಳಿಗೆ ಹಾರದಿರಲೆಂದು ಅದರ ಮೇಲೆ ಅಡಕೊತ್ತು ಇಟ್ಟರು. ಕಲಬುರಗಿಯ ಬ್ರಹ್ಮಪುರದ ಆ ಹಳೆಯ ಮನೆಯ ಪಡಸಾಲೆಯೇ ಅವರ ಕಚೇರಿ. ಗುರುವಾರ ಬೆಳಗಿನ ಎಂಟು ಗಂಟೆ. ಸಂಕ್ರಾಂತಿಗೆಂದು ಒಳಗೆ ಎಳ್ಳು ಹುರಿಯುತ್ತಿದ್ದ ವಾಸನೆ ಪಡಸಾಲೆಯ ತನಕ ಬರುತ್ತಿತ್ತು.

ಮಂಜೂರ್ ಬೆಂಚಿನ ತುದಿಗೆ ಕುಳಿತು ಆ ಕಾಗದವನ್ನು ಆರನೇ ಸಲ ಓದಿದ. ಇಪ್ಪತ್ತೆರಡು ವರ್ಷ ನಿಜಾಮರ ಪೊಲೀಸಿನಲ್ಲಿ ಜಮಾದಾರನಾಗಿದ್ದವನು. ಪೊಲೀಸ್ ಆಕ್ಷನ್ ಆಗಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಪಟ್ಟಿಯಿಂದ ಹೆಸರು ಹೋಯಿತು, ಸೊಂಟದ ಬೆಲ್ಟು ಹೋಯಿತು, ಆದರೆ ಅನುಮಾನಪಡುವ ಚಾಳಿ ಎಲ್ಲಿ ಹೋದೀತು? ಈಗ ವಕೀಲರು ಹೇಳಿದ ಊರಿಗೆ ಹೋಗಿ, ಸುಳ್ಳೆಷ್ಟು ಖರೆ ಎಷ್ಟು ಎಂದು ನೋಡಿಕೊಂಡು ಬರುವುದೇ ಅವನ ಕಸುಬು.

ಕಾಗದ ಉರ್ದುವಿನಲ್ಲಿತ್ತು. ಕೋರ್ಟಿನ ನೋಟೀಸು ಮುಟ್ಟಿಸುವ ಬೇಲಿಫ ಖಾಜಾ ಬರೆದುಕೊಟ್ಟ ವರದಿಯ ನಕಲು. ಡಿಸೆಂಬರ್ ಹತ್ತೊಂಬತ್ತರಂದು ಮಧ್ಯಾಹ್ನ ಹನ್ನೆರಡೂವರೆಗೆ ತಾನು ಕಮಲಾಪುರಕ್ಕೆ ಹೋದದ್ದು, ರಾಯರ ಕಕ್ಷಿದಾರಳಾದ ಬಂಡೆಮ್ಮನ ಮನೆಗೆ ಕೀಲಿ ಇದ್ದದ್ದು, ನೆರೆಮನೆಯ ಕಟ್ಟೆಯ ಮೇಲೆ ಕುಳಿತಿದ್ದ ದತ್ತಪ್ಪನ ಎದುರಿಗೆ ನೋಟೀಸನ್ನು ಬಾಗಿಲಿಗೆ ಅಂಟಿಸಿ ಬಂದದ್ದು, ಎಲ್ಲ ಮೂರೇ ಸಾಲಿನಲ್ಲಿ ಇತ್ತು. ಕೋರ್ಟಿನಲ್ಲಿದ್ದ ಅಸಲಿನ ಮೇಲೆ ದತ್ತಪ್ಪನ ಎಡಗೈ ಹೆಬ್ಬೆಟ್ಟು ನೀಟಾಗಿ ಕೂತದ್ದನ್ನು ಮಂಜೂರ್ ಮೊನ್ನೆಯೇ ಕಣ್ಣಾರೆ ನೋಡಿ ಬಂದಿದ್ದ.

ಆ ಮೂರು ಸಾಲಿನ ಮೇಲೆ ಬಂಡೆಮ್ಮನ ಬಾಳೆತೋಟ ನಿಂತಿತ್ತು. ತೋಟ ತನ್ನದೆಂದು ಸೂರ್ಯಕಾಂತ ಸಾವಕಾರ ವರ್ಷದಿಂದ ದಾವೆ ನಡೆಸಿದ್ದ. ಜಾಗೀರು ರದ್ದಾಗಿ ದಾವೆ ಹೊಸ ಕೋರ್ಟಿಗೆ ಬಂದ ಕೂಡಲೇ, ‘ತೀರ್ಪು ಆಗುವ ತನಕ ತೋಟ ನನ್ನ ಕೈಗೆ ಕೊಡಿ’ ಎಂದು ಇನ್ನೊಂದು ಅರ್ಜಿ ಹಾಕಿದ. ಕೋರ್ಟು ಹೊಸದಾದ್ದರಿಂದ ಅದರ ನೋಟೀಸು ವಕೀಲರಿಗೆ ಬಾರದೆ ನೇರ ಬಂಡೆಮ್ಮನ ಹೆಸರಿಗೇ ಹೊರಟಿತು. ಹದಿನೈದು ದಿನದಲ್ಲಿ ಜವಾಬು ಕೊಡಬೇಕು. ಜನವರಿ ಮೂರಕ್ಕೆ ಗಡುವು ಮುಗಿಯಿತು, ಜವಾಬು ಹೋಗಲಿಲ್ಲ. ನಾಲ್ಕಕ್ಕೆ, ಆಕೆಯ ಮಾತು ಕೇಳದೆಯೇ, ತೋಟ ಸಾವಕಾರನ ಕೈಗೆ ಎಂದು ಏಕತರ್ಫಾ ಹುಕುಂ ಆಯಿತು. ಒಂಬತ್ತಕ್ಕೆ ಹುಕುಂ ಕೈಗೆ ಬಂದಾಗಲೇ ಬಂಡೆಮ್ಮನಿಗೆ ಇಂಥದ್ದೊಂದು ಅರ್ಜಿ ಇದೆಯೆಂದು ಗೊತ್ತಾದದ್ದು.

ಹುಕುಂ ರದ್ದು ಮಾಡಬೇಕೆಂದು ರಾಯರು ಅರ್ಜಿ ಕೊಟ್ಟಿದ್ದರು. ಸೋಮವಾರ ವಿಚಾರಣೆ. ಅಷ್ಟರೊಳಗೆ ನೋಟೀಸು ಬಾಗಿಲಿಗೆ ಬರಲೇ ಇಲ್ಲ ಎಂದು ತೋರಿಸಬೇಕು, ಇಲ್ಲದಿದ್ದರೆ ಮಂಗಳವಾರ ಸಾವಕಾರನ ಆಳುಗಳು ತೋಟಕ್ಕೆ ಇಳಿಯುತ್ತಾರೆ. ಬೇಲಿಫ ಖಾಜಾನನ್ನೇ ಕೇಳೋಣವೆಂದರೆ ಆ ಮಹಾರಾಯ ರಜೆ ಹಾಕಿ ಹೈದರಾಬಾದಿನ ಕಡೆ ತನ್ನ ಊರಿಗೆ ಹೋಗಿ ಕುಳಿತಿದ್ದ.

“ನಂದೇ ತಪ್ಪು,” ಎಂದರು ರಾಯರು. ತಿಂಗಳಿಡೀ ಹೈದರಾಬಾದಿನ ಹೈಕೋರ್ಟಿನಲ್ಲಿ ಇನ್ನೊಂದು ದಾವೆ ಹಿಡಿದು ಕುಳಿತು, ಮೊನ್ನೆ ಎಂಟಕ್ಕೆ ತಿರುಗಿ ಬಂದಿದ್ದರು. ಊರಲ್ಲಿದ್ದಿದ್ದರೆ ಹೇಗೋ ಸುದ್ದಿ ತಿಳಿಯುತ್ತಿತ್ತು ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು.

“ಮಾವಯ್ಯಾ, ನೀವು ಯಾಕ ಹಳಹಳಿಸ್ತೀರಿ,” ಎಂದ ಅಳಿಯ ಶ್ರೀನಿವಾಸ. ಪುಣೆಯ ಹುಡುಗ, ಅಲ್ಲೇ ಹುಟ್ಟಿ ಅಲ್ಲೇ ವಕೀಲಿ ಓದಿದವನು. ಮಾವನಿಲ್ಲದಾಗ ಮನೆ ಕಚೇರಿ ನೋಡಿಕೊಳ್ಳಲೆಂದು ಡಿಸೆಂಬರ್ ಇಪ್ಪತ್ತೆರಡಕ್ಕೆ ಬಂದವನು ಇಲ್ಲೇ ಉಳಿದಿದ್ದ. ತಲೆಯ ಮೇಲಿನ ಕರಿ ಟೊಪ್ಪಿಗೆ ಊಟಕ್ಕೆ ಮಾತ್ರ ಇಳಿಯುತ್ತಿತ್ತು. ಮೂರು ದಿನ ಮೊದಲು ಬಂದಿದ್ದರೆ ತಾನಾದರೂ ವಿಚಾರಿಸುತ್ತಿದ್ದೆ ಎಂದು ಅವನೂ ಪೇಚಾಡಿದ.

ಮಂಜೂರ್ ಹೊರಡಲು ಎದ್ದಾಗ ಶ್ರೀನಿವಾಸ ಬಾಗಿಲ ತನಕ ಬಂದು ಕೇಳಿದ: “ಕಮಲಾಪುರ ಎಷ್ಟು ದೂರ ಆಗ್ತದ್ರಿ? ನಾ ಇನ್ನೂ ನೋಡೇ ಇಲ್ಲ. ಅಲ್ಲಿ ಬಾಳೆಹಣ್ಣು ಕೆಂಪಗಿರ್ತಾವಂತ, ಖರೇನ?”

ಖರೆ ಎಂದ ಮಂಜೂರ್, ಎರಡು ಹಣ್ಣು ತಂದುಕೊಡುವೆನೆಂದು ಒಪ್ಪಿಕೊಂಡ. ಹೆಂಡತಿ ಹಲೀಮಾ ಕೂಡ ಅದನ್ನೇ ಹೇಳಿ ಕಳಿಸಿದ್ದಳು.

ಕಪನೂರ ದಾಟುವ ತನಕ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಕಿಟಕಿ ಸಿಕ್ಕಿತು. ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಮಂಜೂರ್ ನೋಡಿದ್ದು ಜೋಳವನ್ನಲ್ಲ, ಮನಸ್ಸಿನೊಳಗಿನ ಆ ಮೂರು ಸಾಲನ್ನು. ಏನೋ ಒಂದು ಸರಿಯಿಲ್ಲ ಎಂದು ಹಳೆಯ ಚಾಳಿ ಹೇಳುತ್ತಿತ್ತು. ಯಾವುದು ಎಂದು ಮಾತ್ರ ಹೊಳೆಯುತ್ತಿರಲಿಲ್ಲ.

ಬಂಡೆಮ್ಮನ ಮನೆಯ ಬಾಗಿಲು ಹಳೆಯ ಸಾಗವಾನಿಯದು. ಮಂಜೂರ್ ಮೊದಲು ನಿಂತು, ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಮೇಲಿನಿಂದ ಕೆಳಗಿನ ತನಕ ಉಗುರಿನಿಂದ ಗೀರಿ ನೋಡಿದ. ಹೊಗೆಯ ಜಿಡ್ಡು ಸಿಕ್ಕಿತು, ಅರಿಶಿನದ ಹುಡಿ ಸಿಕ್ಕಿತು. ಕಾಗದ ಅಂಟಿಸಿದ ಗಂಜಿಯ ಕಲೆ ಇರಲಿಲ್ಲ. ಆದರೆ ಇಲ್ಲದ ಕಲೆಯನ್ನು ಕೋರ್ಟಿಗೆ ಹೊತ್ತುಕೊಂಡು ಹೋಗುವುದು ಹೇಗೆ? ಕಾಗದ ಗಾಳಿಗೆ ಹಾರಿತು, ಆಡು ತಿಂದಿತು ಎಂದು ಎದುರು ವಕೀಲ ಒಂದು ಮಾತು ಅಂದರೆ ಮುಗಿಯಿತು.

ಬಂಡೆಮ್ಮ ಐವತ್ತರ ಆಚೀಚೆಯ ವಿಧವೆ. ಗಟ್ಟಿ ಹೆಂಗಸು, ಆದರೂ ಮೂರು ದಿನದಿಂದ ಕೂಳು ನೀರು ಸೇರಿಲ್ಲವೆಂದು ಮುಖವೇ ಹೇಳುತ್ತಿತ್ತು. ಗಂಡ ನೆಟ್ಟ ಬಾಳೆ, ಗಂಡ ತೋಡಿದ ಬಾವಿ, ಅದು ಬಿಟ್ಟು ತನಗೆ ಈ ಲೋಕದಲ್ಲಿ ಇನ್ನೇನೂ ಇಲ್ಲ ಎಂದು ಆಕೆ ಅಳದೆ, ಲೆಕ್ಕ ಒಪ್ಪಿಸಿದಂತೆ ಹೇಳಿದಳು. ಅತ್ತಿದ್ದರೆ ಮಂಜೂರನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ದತ್ತಪ್ಪ ಪಕ್ಕದ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಮಂಜೂರನನ್ನು ಕಂಡು ಎದ್ದು ಕೈಮುಗಿದ. ಕೇಳುವುದಕ್ಕೆ ಮೊದಲೇ ಹೇಳಲು ಶುರುಮಾಡಿದ. ಮಧ್ಯಾಹ್ನ ಹನ್ನೆರಡೂವರೆಗೆ ಬೇಲಿಫ ಬಂದ, ಬಂಡೆಮ್ಮನ ಮನೆಗೆ ಕೀಲಿ ಇತ್ತು, ತಾನು ಇದೇ ಕಟ್ಟೆಯ ಮೇಲೆ ಕುಳಿತಿದ್ದೆ, ಬಾಗಿಲಿಗೆ ಕಾಗದ ಅಂಟಿಸಿದ, ತಾನು ಹೆಬ್ಬೆಟ್ಟು ಒತ್ತಿದೆ.

ಮಂಜೂರ್ ಹವಾಮಾನದ ಮಾತಾಡಿದ, ಎತ್ತಿನ ಮಾತಾಡಿದ, ಒಂದು ಎಲೆ ಹಾಕಿಕೊಂಡು ಮತ್ತೆ ಅದನ್ನೇ ಕೇಳಿದ. ಅದೇ ಮಾತು, ಅದೇ ಕ್ರಮ, ಅದೇ ಹನ್ನೆರಡೂವರೆ. ದತ್ತಪ್ಪನ ಮನೆಯಲ್ಲಿ ಗಡಿಯಾರವಿಲ್ಲ. ಊರಲ್ಲೇ ಇದ್ದದ್ದು ಎರಡೋ ಮೂರೋ. ಹೊತ್ತನ್ನು ನೆರಳಿನಿಂದ ಅಳೆಯುವ ಮನುಷ್ಯನ ಬಾಯಲ್ಲಿ ಈ ಅರ್ಧ ಗಂಟೆಯ ಲೆಕ್ಕ ಎಲ್ಲಿಂದ ಬಂತು?

ವಿಚಿತ್ರವೆಂದರೆ, ದತ್ತಪ್ಪ ಸುಳ್ಳುಗಾರನ ಹಾಗೆ ಕಾಣಲಿಲ್ಲ. ಸಾವಕಾರನ ಹೆಸರು ಎತ್ತಿದರೆ ಥೂ ಎಂದು ಉಗಿಯುತ್ತಿದ್ದ. ಬಂಡೆಮ್ಮನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಆಕೆಯ ಕತ್ತು ಕೊಯ್ಯುವ ಮಾತನ್ನು ಆಕೆಯ ಎದುರಿಗೇ ಹೇಳಿ, ಆಕೆಗೆ ಧೈರ್ಯ ಹೇಳುವವನ ಹಾಗೆ ಒಂದು ಸಲ ತಲೆಯಾಡಿಸಿದ ಬೇರೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮಂಜೂರ್ ಇಂಥ ಸಾಕ್ಷಿಯನ್ನು ಕಂಡಿರಲಿಲ್ಲ.

ಹಲೀಮಾಳಿಗೆ ಹಣ್ಣು ಕೊಯ್ದುಕೊಡುತ್ತೇನೆಂದು ಬಂಡೆಮ್ಮ ಅವನನ್ನು ತೋಟಕ್ಕೆ ಕರೆದೊಯ್ದಳು. ಕೆಂಪು ಬಾಳೆಯ ಗೊನೆಗಳು ಬಲಿತು ಬಾಗಿದ್ದವು. ತೋಟದ ಅಂಚಿಗೆ ದತ್ತಪ್ಪನ ಜೋಳದ ಹೊಲ, ಎರಡರ ನಡುವೆ ಒಂದು ಬನ್ನಿಗಿಡ. ಅದರ ಬುಡದಲ್ಲಿ ಐದು ಸಣ್ಣ ಕಲ್ಲು ಸಾಲಾಗಿ ಕುಳಿತಿದ್ದವು. ಬಳಿದಿದ್ದ ಸುಣ್ಣ ಇನ್ನೂ ಬೆಳ್ಳಗಿತ್ತು, ಸುತ್ತ ಒಣಗಿದ ಚೆಂಡು ಹೂವು.

“ಪಾಂಡವರು ರೀ,” ಎಂದಳು ಬಂಡೆಮ್ಮ. “ಎಳ್ಳಮಾಸಿ ದಿನ ಪೂಜಾ ಮಾಡಿದ್ದು. ನಮ್ಮ ಮನ್ಯಾಗ ಗಂಡಸರು ಇಲ್ಲ ನೋಡ್ರಿ, ಅದಕ್ಕ ಎರಡೂ ಹೊಲಕ್ಕ ನೈವೇದ್ಯದ ಚರಗ ದತ್ತಪ್ಪನೇ ಚೆಲ್ತಾನ. ಈ ಸಲ ಅಮಾಸಿ ಸೋಮಾರ ಬಂದಿತ್ತು, ಭಾಳ ಛಲೋ ಅಂತ ನಸಿಕಿಲೇ ಗಾಡಿ ಹೂಡಿ ಬಂದಿದ್ವಿ. ಹೊತ್ತು ಮುಳುಗೂ ತನಕ ಇಲ್ಲೇ ಇದ್ವಿ.”

ಮಂಜೂರ್ ಹಣ್ಣಿನ ಗಂಟನ್ನು ಮೆಲ್ಲಗೆ ಕೆಳಗಿಟ್ಟ.

ಅವನ ಶೇರವಾನಿಯ ಒಳಜೇಬಿನಲ್ಲಿ ಒಂದು ಪುಟ್ಟ ಡೈರಿ ಇತ್ತು. ದಿನಕ್ಕೊಂದು ಸಾಲು ಬರೆಯುವುದು ನೌಕರಿಯ ಕಾಲದ ರೂಢಿ. ಹಳೆಯ ನಿಜಾಮಿ ತಿಂಗಳುಗಳನ್ನು ಬಿಟ್ಟು ಕಚೇರಿಗಳೆಲ್ಲ ಇಂಗ್ಲಿಷ್ ತಾರೀಖಿಗೆ ಬಂದ ಮೇಲೆ ಅವನೂ ಡೈರಿಯ ತಲೆಗೆ ಅದನ್ನೇ ಬರೆಯತೊಡಗಿದ್ದ, ಆದರೆ ಆ ಅಂಕಿಗಳು ಇನ್ನೂ ತಲೆಯೊಳಗೆ ಇಳಿದಿರಲಿಲ್ಲ. ಡಿಸೆಂಬರ್ ಹತ್ತೊಂಬತ್ತರ ಪುಟ ತೆಗೆದ. ಸೋಮವಾರ. ಕೆಳಗೆ ಅವನದೇ ಕೈಬರಹ: ‘ತಾಜಸುಲ್ತಾನಪುರ, ಪೀರಪ್ಪನ ಹೊಲ, ಎಳ್ಳಮಾಸಿ ಊಟ. ಸಜ್ಜೆರೊಟ್ಟಿ ಆರು, ಭಜ್ಜಿ ಎರಡು ಬಟ್ಟಲು. ಗಿಡದ ಕೆಳಗೆ ನಿದ್ದೆ.’

ಮಂಜೂರ್ ತನ್ನ ಹಣೆಗೆ ತಾನೇ ಒಂದು ಪೆಟ್ಟು ಹಾಕಿಕೊಂಡ. ನಾಲ್ಕು ದಿನದಿಂದ ಇದನ್ನು ಎದೆಗಂಟಿಸಿಕೊಂಡು ಓಡಾಡಿದ್ದೇನಲ್ಲ, ಎಂಥ ಗಮಾರ ನಾನು ಎಂದು ಬೈದುಕೊಂಡ. ಎಳ್ಳಮಾಸಿಯ ದಿನ ಈ ಸೀಮೆಯ ಊರುಗಳಲ್ಲಿ ಯಾರು ಉಳಿಯುತ್ತಾರೆ? ಭಜ್ಜಿ, ಕಡಬು, ಅಂಬಲಿ ಹೊತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದೊಯ್ಯುತ್ತಾರೆ. ನಾಯಿಗಳು ಕೂಡ ಗಾಡಿಯ ಹಿಂದೆ ಹೋಗಿಬಿಡುತ್ತವೆ. ಆ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಕಮಲಾಪುರದ ಕಟ್ಟೆಯ ಮೇಲೆ ರೈತನೊಬ್ಬ ಕುಳಿತಿದ್ದನೆಂದರೆ ನಗಬೇಕು.

ಹಾಗಾದರೆ ಈ ವರದಿ ಆ ದಿನದ್ದಲ್ಲ. ಗಡುವು ಮೀರಲೆಂದು, ಆಮೇಲೆ ಯಾವತ್ತೋ ಹಿಂದಿನ ತಾರೀಖು ಹಾಕಿದ್ದು. ಆ ತಾರೀಖನ್ನು ಆರಿಸಿದವನಿಗೆ ಅದು ಎಂಥ ದಿನವೆಂದು ಗೊತ್ತಿರಲಿಲ್ಲ. ಅವನು ಈ ನೆಲದವನಲ್ಲ.

“ದತ್ತಪ್ಪನ್ನ ಇಲ್ಲಿಗೇ ಕರೀರಿ ಅಕ್ಕಾ,” ಎಂದ ಮಂಜೂರ್.

ದತ್ತಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ಬಂದ. ಮಂಜೂರ್ ಬನ್ನಿಗಿಡದ ನೆರಳಿಗೆ ಕುಳಿತು, ಎದುರಿಗೆ ಕುಳಿತುಕೊಳ್ಳಲು ಸನ್ನೆ ಮಾಡಿದ. ನಡುವೆ ಐದು ಕಲ್ಲು.

“ಈ ಅಮಾಸಿಗೆ ಚರಗ ಯಾರು ಚೆಲ್ಲಿದ್ರು, ದತ್ತಪ್ಪ?”

“ನಾನೇ ರೀ. ಅಕ್ಕನ ಪಾಲಿಂದೂ ನಾನೇ.”

“ಬೇಲಿಫ ಬಂದದ್ದೂ ಅದೇ ದಿನ ಅಂತ ಕಾಗದದಾಗ ಅದ. ನೀ ಅವತ್ತ ಕಟ್ಟಿ ಮ್ಯಾಲ ಇದ್ದಿ, ಅವತ್ತೇ ಹೊಲದಾಗೂ ಇದ್ದಿ. ಒಬ್ಬನೇ ದತ್ತಪ್ಪನೋ, ಇಬ್ಬರೋ?”

ದತ್ತಪ್ಪನ ಕೈ ಹಗ್ಗದ ಮೇಲೆ ನಿಂತಿತು. ಅವನು ಮಂಜೂರನನ್ನು ನೋಡಲಿಲ್ಲ, ಬಂಡೆಮ್ಮನನ್ನು ನೋಡಿದ. ಆಮೇಲೆ ಹಟ ಹಿಡಿದವನಂತೆ ಮತ್ತೆ ಅದೇ ಪಾಠ ಒಪ್ಪಿಸಿದ: ಹನ್ನೆರಡೂವರೆ, ಕೀಲಿ, ಕಟ್ಟೆ, ಕಾಗದ. ಜೈಲಿಗೆ ಹಾಕಿದರೂ ತಾನು ಇದನ್ನೇ ಹೇಳುವವನು ಎಂದೂ ಸೇರಿಸಿದ. ದನಿಯಲ್ಲಿ ಹೆದರಿಕೆ ಇರಲಿಲ್ಲ. ಯಾರನ್ನೋ ಕಾಯಲು ನಿಂತವನ ದನಿ ಅದು.

ಮಂಜೂರ್ ಸಿಟ್ಟಾಗಲಿಲ್ಲ. ನಕಲು ಬಿಡಿಸಿ, ಮೂರೂ ಸಾಲನ್ನು ಉರ್ದುವಿನಿಂದ ಕನ್ನಡಕ್ಕೆ ತಂದು ನಿಧಾನವಾಗಿ ಓದಿದ. ಆಮೇಲೆ ಅದರ ಅರ್ಥ ಹೇಳಿದ. ಈ ಹೆಬ್ಬೆಟ್ಟಿನಿಂದಾಗಿ ಬಂಡೆಮ್ಮನಿಗೆ ನೋಟೀಸು ಮುಟ್ಟಿದಂತಾಯಿತು. ಮುಟ್ಟಿಯೂ ಜವಾಬು ಕೊಡಲಿಲ್ಲವೆಂದು ಕೋರ್ಟು ತೋಟವನ್ನು ಸಾವಕಾರನ ಕೈಗೆ ಕೊಟ್ಟಿದೆ. ಸೋಮವಾರ ನೀನು ಇದೇ ಮಾತು ಹೇಳಿದರೆ ಮಂಗಳವಾರ ಈ ಗೊನೆಗಳನ್ನು ಕೊಯ್ಯುವವರು ಸಾವಕಾರನ ಆಳುಗಳು.

ದತ್ತಪ್ಪ ಎದ್ದುನಿಂತ. ಮತ್ತೆ ಕುಸಿದು ಕುಳಿತ.

“ತ್ವಾಟ ಉಳೀತದ ಅಂತ ಹೇಳಿದ್ರಲ್ರೀ,” ಎಂದ. “ಈ ಹೆಬ್ಬಟ್ಟ ಒತ್ತಿದ್ರ ಅಕ್ಕನ ತ್ವಾಟ ಉಳೀತದ, ಯಾರು ಕೇಳಿದ್ರೂ ಇಷ್ಟೇ ಹೇಳು, ಅಕ್ಕನ ಮುಂದನೂ ಬಾಯಿ ಬಿಡಬ್ಯಾಡ, ಬಿಟ್ರ ಎಲ್ಲಾ ಹಾಳಾಗ್ತದ ಅಂದ್ರು. ನಾ ಅದಕ್ಕೇ ಬಾಯಿಪಾಠ ಮಾಡಿದ್ನಿ. ಅಕ್ಕಾ, ನಿನ್ನ ಸಲುವಾಗೇ ಮಾಡಿದ್ನಿ.”

ಬಂಡೆಮ್ಮ ಹತ್ತಿರ ಬಂದು, ಅವನ ಹೆಗಲ ಮೇಲಿಂದ ಜಾರಿದ ಹಗ್ಗವನ್ನು ಎತ್ತಿ ಸುತ್ತಿ ಪಕ್ಕಕ್ಕಿಟ್ಟಳು. ನೀನು ಹಾಗೆ ಮಾಡುವವನಲ್ಲ ಎಂದು ತನಗೆ ಗೊತ್ತಿತ್ತು ಎಂದಷ್ಟೇ ಹೇಳಿದಳು. ದತ್ತಪ್ಪ ಮುಖ ಮುಚ್ಚಿಕೊಂಡು ಅತ್ತ.

ಸ್ವಲ್ಪ ತಿಳಿಯಾದ ಮೇಲೆ ಅವನು ಎಲ್ಲ ಹೇಳಿದ. ಅಮಾವಾಸ್ಯೆ ಆಗಿ ಎಂಟೊಂಬತ್ತು ದಿನಕ್ಕೆ ಎತ್ತಿಗೆ ಗೆಜ್ಜೆ ತರಲೆಂದು ಕಲಬುರಗಿಗೆ ಹೋಗಿದ್ದ. ಬಜಾರಿನಲ್ಲಿ ಬೇಲಿಫ ಖಾಜಾ ಹೆಸರು ಹಿಡಿದು ಕರೆದ, ಬಂಡೆಮ್ಮನ ಕೆಲಸ ಇದೆ ಬಾ ಎಂದ. ಕರೆದುಕೊಂಡು ಹೋದದ್ದು ಸಾವಕಾರನ ಮನೆಗೆ ಆಗಿದ್ದರೆ ಅವನು ಹೊಸ್ತಿಲು ತುಳಿಯುತ್ತಿರಲಿಲ್ಲ. ಆದರೆ ಖಾಜಾ ಕರೆದೊಯ್ದದ್ದು ಬ್ರಹ್ಮಪುರಕ್ಕೆ.

“ಅಕ್ಕನ ವಕೀಲ್ ಸಾಹೇಬ್ರ ಮನಿ ರೀ,” ಎಂದ ದತ್ತಪ್ಪ. “ಹೋದ ವರ್ಷ ಅಕ್ಕನ ಜೋಡಿ ನಾನೇ ಹೋಗಿದ್ನಲ್ಲ, ಗುರುತ ಇತ್ತು. ನಮ್ಮ ವಕೀಲ್ರ ಮನ್ಯಾಗ ನಮಗ ಯಾರು ಮೋಸ ಮಾಡ್ತಾರ್ರೀ? ದೊಡ್ಡ ಸಾಹೇಬ್ರು ಇದ್ದಿದ್ದಿಲ್ಲ. ಕರೀ ಟೊಪಗಿ ಹಾಕ್ಕೊಂಡ ಸಣ್ಣ ಸಾಹೇಬ್ರು ಒಬ್ರು ಇದ್ರು. ಗೋಡಿ ಮ್ಯಾಲಿನ ತಾರೀಖಿನ ಹಾಳಿ ನೋಡಿ, ಬೆರಳ ಮಡಚಿ ಎಣಿಸಿ, ಹಿಂಗಿಂಗ ಬರಿ ಅಂತ ಖಾಜಾಗ ಹೇಳಿದ್ರು. ಹೆಬ್ಬಟ್ಟಿನ ಮಸಿ ಒರಸ್ಕೋ ಅಂತ ಅವರೇ ಎಣ್ಣಿ ತಂದು ಕೊಟ್ರು. ಭಾಳ ಮರ್ಯಾದಿಂದ ಮಾತಾಡ್ಸಿದ್ರು.”

ಬಾಳೆ ಎಲೆ ಗಾಳಿಗೆ ಪಟಪಟ ಎಂದಿತು. ಮಂಜೂರ್ ಮನಸ್ಸಿನಲ್ಲೇ ದಿನಗಳನ್ನು ಜೋಡಿಸಿದ. ಶ್ರೀನಿವಾಸ ಡಿಸೆಂಬರ್ ಇಪ್ಪತ್ತೆರಡಕ್ಕೆ ಪುಣೆಯಿಂದ ಬಂದವನು. ಎಳ್ಳಮಾಸಿ ಮೂರು ದಿನ ಹಿಂದೆಯೇ ಮುಗಿದಿತ್ತು, ಅದನ್ನು ಅವನು ಕಂಡಿರಲಿಲ್ಲ. ಗಡುವಿಗೆ ಬೇಕಾದ ದಿನ ಎಣಿಸುತ್ತಾ ಹಿಂದಕ್ಕೆ ಹೋಗಿ, ಕೋರ್ಟು ತೆರೆದಿದ್ದ ಒಂದು ಸೋಮವಾರದ ಮೇಲೆ ಬೆರಳಿಟ್ಟಿದ್ದ. ಅವನ ಲೆಕ್ಕಕ್ಕೆ ಅದು ಎಲ್ಲ ಸೋಮವಾರಗಳ ಹಾಗೆ ಇನ್ನೊಂದು ಸೋಮವಾರ.

ಯಾಕೆ ಮಾಡಿದ, ಸಾವಕಾರನಿಗೂ ಅವನಿಗೂ ಏನು ನಂಟು, ಅದು ಇನ್ನೂ ಕತ್ತಲೆ. ಆದರೆ ಮಂಜೂರನಿಗೆ ಅದಕ್ಕಿಂತ ಹೆಚ್ಚು ಸಂಕಟವಾದದ್ದು ರಾಯರನ್ನು ನೆನೆದು. ಸೋಮವಾರ ದತ್ತಪ್ಪ ನಿಜ ಹೇಳಿದರೆ ಹುಕುಂ ಬಿದ್ದುಹೋಗುತ್ತದೆ, ಜೊತೆಗೆ ರಾಯರ ಮನೆಯ ಮಾನವೂ. ಮಗಳ ಗಂಡನನ್ನು ಕಟಕಟೆಗೆ ಹತ್ತಿಸುವ ಸಾಕ್ಷಿಗೆ ರಾಯರು ತಾವೇ ಎದ್ದುನಿಂತು ಪ್ರಶ್ನೆ ಕೇಳಬೇಕು. ಕೇಳಿಯಾರೇ? ಕೇಳದಿದ್ದರೆ ಬಂಡೆಮ್ಮನಿಗೆ ನಾಲ್ಕು ದಿನದಲ್ಲಿ ಇನ್ನೊಬ್ಬ ವಕೀಲ ಎಲ್ಲಿಂದ ಸಿಗಬೇಕು?

ಏನಾದರಾಗಲಿ, ತೋಟ ಬಂಡೆಮ್ಮನದೆಂದು ಹೇಳುವ ಅಸಲು ಕಾಗದ ಗಟ್ಟಿಯಾಗಿದ್ದರೆ ಯಾವ ಕೋರ್ಟಿನಲ್ಲೂ ನಿಂತು ಮಾತಾಡಬಹುದು. ಗಂಡನ ಹೆಸರಿಗೆ ಜಾಗೀರದಾರರು ಕೊಟ್ಟ, ಮೊಹರು ಒತ್ತಿದ ಒಂದೇ ಒಂದು ಕಾಗದ. ನಕಲು ಇಲ್ಲ. ಆಕೆ ಅದನ್ನು ದೇವರ ಮಾಡದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾಳೆಂದು ರಾಯರು ಹೇಳಿದ್ದರು.

“ಅಕ್ಕಾ,” ಎಂದ ಮಂಜೂರ್, ಹಣ್ಣಿನ ಗಂಟು ಎತ್ತಿಕೊಳ್ಳುತ್ತಾ. “ತೋಟದ ಅಸಲು ಕಾಗದ ಇವತ್ತ ನನ್ನ ಕೈಯಾಗ ಕೊಡ್ರಿ. ಸೋಮವಾರದ ತನಕ ನಮ್ಮ ಮನ್ಯಾಗ ಹಲೀಮಾನ ಪೆಟಿಗ್ಯಾಗ ಇರ್ಲಿ.”

ಬಂಡೆಮ್ಮ ಅವನನ್ನು ಬೆರಗಿನಿಂದ ನೋಡಿದಳು.

“ಅದು ನಿಮ್ಮ ಹಂತ್ಯಾಕೇ ಅದಲ್ರೀ ಸಾಹೇಬ್ರ,” ಎಂದಳು. “ನಿನ್ನಿ ಸಂಜಿಮುಂದ ಆ ಕರೀ ಟೊಪಗಿ ಅಳ್ಯಾ ಸಾಹೇಬ್ರೇ ಬಂದು ಒಯ್ದ್ರು. ನಾ ಮೊದಲ ಕೊಡಲಿಲ್ರಿ. ಮಂಜೂರ್ ಮಿಯಾನೇ ಕಳಿಸ್ಯಾರ ಅಂದ್ರು, ನಿಮ್ಮ ಹೆಸರ ಕೇಳಿ ಕೊಟ್ಟಿನ್ರಿ.”